ರೀಲುವಿಗೆ ಮೀನೆಣ್ಣೆ

ಮಲ್ಲೇಶ್ವರಂ, ಬೆಂಗಳೂರು
೧೨ ನವೆಂಬರ್ ೨೦೨೪, ಮಂಗಳವಾರ ಸಂಜೆ

ಪ್ರೀತಿಯ ನಿಮಗೆ,

ಹೀಗೆ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ. ಮದುವೆಯಾದಾಗಿನಿಂದ ನಿಮ್ಮನ್ನು 'ರೀ' ಎಂದು ಕರೆದವಳು ನಾನು. ಕಾಗದದ ಮೇಲೆ 'ರೀ' ಎಂದು ಬರೆದು ನೋಡಿದೆ, ರಸ್ತೆಯಲ್ಲಿ ಯಾರನ್ನೋ ಕೂಗಿ ನಿಲ್ಲಿಸಿದ ಹಾಗಿತ್ತು. 'ಮನೋಹರ್ ಅವರಿಗೆ' ಎಂದರೆ ಬ್ಯಾಂಕಿನವರ ಕಾಗದವಾಗುತ್ತದೆ. ಹಾಗಾಗಿ ಇದೇ ಇರಲಿ.

ಆರೋಗ್ಯ ಹೇಗಿದೆ? ಬಿ.ಪಿ. ಮಾತ್ರೆಯನ್ನು ತಿಂಡಿಗೆ ಮುಂಚೆಯೇ ನುಂಗುತ್ತಿದ್ದೀರಿ ತಾನೆ? ನಿಮ್ಮ ಅಕ್ಕ, ಹನುಮಕ್ಕ ಅತ್ತಿಗೆ, ಪ್ರತಿ ವಾರ ಫೋನ್ ಮಾಡಿ ಎಲ್ಲ ಹೇಳುತ್ತಾರೆ. ಕಾಲು ಪೂರ್ತಿ ಸರಿಹೋಗಿದೆಯಂತೆ, ಕೆರೆ ದಂಡೆಯಲ್ಲಿ ಒಬ್ಬರೇ ಒಂದು ಸುತ್ತು ಹಾಕಿ ಬರುತ್ತೀರಂತೆ, ಬಲಗೈಯಲ್ಲೇ ಅನ್ನ ಕಲಸುತ್ತೀರಂತೆ. ಕೇಳಿ ಎಷ್ಟು ಸಂತೋಷವಾಯಿತು ಎಂದರೆ ಲೈಬ್ರರಿಯಲ್ಲಿ ಮೂರು ಪುಸ್ತಕಕ್ಕೆ ತಪ್ಪು ಸೀಲು ಒತ್ತಿದೆ. ಮೈಸೂರಿನಲ್ಲಿ ಈಗ ಚಳಿ ಶುರುವಾಗಿರಬೇಕು. ಕಿವಿಗೆ ಮಫ್ಲರ್ ಕಟ್ಟಿಕೊಳ್ಳದೆ ಹೊರಗೆ ಹೋಗಬೇಡಿ. ಪೇಪರಿನ ಸಾಲಿನ ಮೇಲೆ ಬೆರಳಿಟ್ಟು ನಿಧಾನವಾಗಿ ಓದುತ್ತೀರಿ ಎಂದು ಹನುಮಕ್ಕ ಅತ್ತಿಗೆ ಹೇಳಿದ ಮೇಲೆಯೇ ನನಗೆ ಈ ಕಾಗದದ ಯೋಚನೆ ಬಂದದ್ದು. ಫೋನನ್ನು ಕಿವಿಯ ಹತ್ತಿರ ಹಿಡಿದರೆ ನೀವು ಮುಖ ತಿರುಗಿಸುತ್ತೀರಿ. ತಪ್ಪು ಎನ್ನುತ್ತಿಲ್ಲ. ಗಾಂಧಿನಗರದ ಆಫೀಸಿನಲ್ಲಿ ಕೂತು ತುಮಕೂರು, ಹಾಸನ, ಚಿತ್ರದುರ್ಗದ ಥಿಯೇಟರಿನವರ ಜೊತೆ ದಿನವಿಡೀ ಫೋನಿನಲ್ಲಿ ಜಗಳ ಮಾಡಿ, ನಗಿಸಿ, ಸಿನಿಮಾ ಹಂಚಿದ ಮನುಷ್ಯ ನೀವು. ಅದೇ ಫೋನ್ ಹಿಡಿದು ಬರೀ 'ಆ... ಆ...' ಎನ್ನಬೇಕಾದರೆ ಯಾರಿಗಾದರೂ ಕಷ್ಟವೇ. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ಆಯಾಸವಾದರೆ ಅರ್ಧಕ್ಕೆ ನಿಲ್ಲಿಸಿ, ನಾಳೆ ಓದಿ. ಅವಸರವೇನಿಲ್ಲ.

ಇಲ್ಲಿ ನಾನು ಚೆನ್ನಾಗಿದ್ದೇನೆ. ಬೆಳಿಗ್ಗೆ ಶೇಷಾದ್ರಿಪುರದ ಕಾಲೇಜು ಲೈಬ್ರರಿ, ಮಧ್ಯಾಹ್ನ ಮನೆ. ಮಾಡುವ ಕೆಲಸ ಹೆಚ್ಚಿಲ್ಲ. ಒಬ್ಬಳಿಗೆ ಅಡುಗೆ ಮಾಡುವುದು ಹೇಗೆ ಎಂದು ಇನ್ನೂ ಕಲಿತಿಲ್ಲ, ಸಾರು ದಿನವೂ ಮಿಗುತ್ತದೆ. ನೀವಿದ್ದಾಗ ಟಿ.ವಿ. ಒಂದು ಕಡೆ, ಫೋನ್ ಒಂದು ಕಡೆ, ನಡುವೆ ನಿಮ್ಮ ಗಲಾಟೆ. 'ಸ್ವಲ್ಪ ಬಾಯಿ ಮುಚ್ಚಿಕೊಂಡಿರ್ತೀರಾ' ಎಂದು ಎಷ್ಟು ಸಲ ಅಂದಿದ್ದೇನೋ. ಈಗ ಫ್ರಿಜ್ಜಿನ ಸದ್ದು ನಡುಮನೆಯವರೆಗೆ ಕೇಳುತ್ತದೆ. ಇರಲಿ. ನಾನು ಹೇಳಬೇಕಾದದ್ದು ನಿಮ್ಮ ನಾಯಿ ರೀಲುವಿನ ವಿಷಯ. ಅವನು ಹೇಗಿದ್ದಾನೆ ಎಂದು ಕೇಳಲು ನಿಮಗೆ ಆಗುತ್ತಿಲ್ಲ, ಕೇಳಬೇಕು ಅನ್ನಿಸುತ್ತಿರುತ್ತದೆ ಎಂದು ನನಗೆ ಗೊತ್ತು. ಅದಕ್ಕೆ ಮೊದಲು ನಿಮಗೆ ತಿಳಿಯದ ಒಂದು ಸಂಗತಿ ಹೇಳಬೇಕು.

ಮಾರ್ಚಿನಲ್ಲಿ ನಿಮಗೆ ಸ್ಟ್ರೋಕ್ ಆಗಿ ಐ.ಸಿ.ಯು.ನಲ್ಲಿದ್ದಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಜೀವಕ್ಕೆ ಭಯವಿಲ್ಲ, ಕೈಕಾಲೂ ಬರುತ್ತದೆ, ಮಾತಿನ ಬಗ್ಗೆ ಮಾತ್ರ ಏನೂ ಹೇಳಲಾಗುವುದಿಲ್ಲ ಎಂದರು. ಅಲ್ಲಿಂದ ನೇರವಾಗಿ ಕಾಡು ಮಲ್ಲೇಶ್ವರನ ಗುಡಿಗೆ ಹೋದೆ. ಉಟ್ಟ ಸೀರೆಯನ್ನೂ ಬದಲಾಯಿಸಿರಲಿಲ್ಲ. ಅವರ ಬಾಯಿಂದ ಮಾತು ಬರುವವರೆಗೆ ನಮ್ಮ ಮನೆಯ ಹೊಸ್ತಿಲೊಳಗೆ ಮೀನು, ಮಾಂಸ ಬರುವುದಿಲ್ಲ ಎಂದು ಹರಕೆ ಹೊತ್ತೆ. ನನಗೇನೂ ಅದು ದೊಡ್ಡ ತ್ಯಾಗವಲ್ಲ, ನಾನು ತಿನ್ನುತ್ತಿದ್ದದ್ದೇ ಅಷ್ಟಕ್ಕಷ್ಟೆ. ಆದರೆ ಆ ಹರಕೆಯೊಳಗೆ ನಾಯಿಯೂ ಸೇರಿಕೊಂಡಿತು ಎಂದು ಆಗ ನನಗೆ ಹೊಳೆಯಲಿಲ್ಲ.

ರೀಲು ಮರಿಯಾಗಿದ್ದಾಗಿನಿಂದ ನಿಮ್ಮ ಕೈಯೂಟ ತಿಂದವನು. ನಿಮ್ಮ ಆಫೀಸಿನ ಕೆಳಗೆ ಹಳೇ ರೀಲು ಡಬ್ಬಗಳ ಗೋಡೌನಿನಲ್ಲಿ ಸಿಕ್ಕ ಮರಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದಿರಿ. ನಾನು ಬೇಡ ಎಂದೆ. ಆವತ್ತಿನಿಂದ ಅವನು ನಿಮ್ಮ ಪಾಲು, ಅವನ ಪಾತ್ರೆ ತೊಳೆಯುವುದೂ ನಿಮ್ಮ ಪಾಲು. ಭಾನುವಾರ ಮತ್ತಿಕೆರೆಯಿಂದ ಮೀನು ತಂದು ನೀವೇ ಹುರಿಯುವುದು, ಉಪ್ಪು ಖಾರ ಹಾಕದೆ ಬೇಯಿಸಿ, ಮುಳ್ಳು ತೆಗೆದು ಅವನಿಗೆ ಬೇರೆ ಎತ್ತಿಡುವುದು, ಅವನು ಒಲೆಯ ಮುಂದೆ ನಿಮ್ಮ ಕಾಲಿನ ಮೇಲೆ ಗಲ್ಲ ಇಟ್ಟು ಕಾಯುವುದು. ನೀವು ಆಸ್ಪತ್ರೆಯಿಂದ ಮಾತಿನ ತರಬೇತಿಗೆಂದು ಮೈಸೂರಿಗೆ, ಅಕ್ಕನ ಮನೆಗೆ ಹೋದಿರಿ, ಅದೆಲ್ಲ ಒಂದೇ ಸಲಕ್ಕೆ ನಿಂತುಹೋಯಿತು. ನಾನು ದಿನಾ ಮೊಸರನ್ನ ಹಾಕಿದೆ. ಪಾಪ, ತಿಂದ. ಆಷಾಢದ ಹೊತ್ತಿಗೆ ಬೆನ್ನಿನ ಕೂದಲು ಉದುರಲು ಶುರುವಾಯಿತು. ಚರ್ಮ ಒಣಗಿ ಹೊಟ್ಟು ಏಳುತ್ತಿತ್ತು, ಮೈ ಕೆರೆದು ಕೆರೆದು ಗಾಯ ಮಾಡಿಕೊಂಡಿದ್ದ. ನಾನು ಮುಟ್ಟಲು ಹೋದರೆ ಸೋಫಾದ ಹಿಂದೆ ಸೇರಿಕೊಳ್ಳುತ್ತಿದ್ದ.

ಆಟೋದವರು ನಾಯಿ ನೋಡಿದರೆ ನಿಲ್ಲಿಸುವುದಿಲ್ಲ, ನಡೆಸಿಕೊಂಡೇ ಕ್ಲಿನಿಕ್ಕಿಗೆ ಹೋದೆ. ಡಾಕ್ಟರ್ ಅನಿಲ್ ಕುಮಾರ್ ನಿಮ್ಮನ್ನೇ ಮೊದಲು ಕೇಳಿದರು. ನಾನು ಹೇಳಿದೆ. ಆಮೇಲೆ ಚರ್ಮ ಕೆರೆದು ಗಾಜಿನ ಮೇಲೆ ಇಟ್ಟು ನೋಡಿ, ಹುಳವೇನೂ ಇಲ್ಲ ಎಂದರು.

"ಏನ್ ಊಟ ಹಾಕ್ತಿದೀರಾ ಅಮ್ಮಾ?"

"ಮೊಸರನ್ನ."

"ಮುಂಚೆನೂ ಅದೇನಾ?"

ನಾನು ಬಗ್ಗಿ ರೀಲುವಿನ ಕೊರಳಪಟ್ಟಿ ಸರಿಮಾಡಿದೆ. ಅವರೇ ಹೇಳಿದರು, "ಮೊಟ್ಟೆ, ಮಾಂಸ ಸ್ವಲ್ಪ ಸ್ವಲ್ಪ ಶುರು ಮಾಡಿ. ಜೊತೆಗೆ ಮೀನೆಣ್ಣೆ ಕೊಡಿ. ಮನುಷ್ಯರಿಗೆ ಕೊಡೋ ಮೀನಿನ ಲಿವರ್ ಎಣ್ಣೆ ಅಲ್ಲ, ಅದು ಬೇರೆ. ನಾಯಿಗಳಿಗೆ ಅಂತಾನೇ ಬರುತ್ತೆ. ಅವನ ತೂಕಕ್ಕೆ ಎಷ್ಟು ಬೇಕೋ ಬರ್ಕೊಟ್ಟಿದೀನಿ, ಪ್ರೀತಿ ಅಂತ ಜಾಸ್ತಿ ಹಾಕ್ಬಿಡಬೇಡಿ, ಹೊಟ್ಟೆ ಕೆಡುತ್ತೆ. ಗುಣ ಬೇಗ ಕಾಣಲ್ಲ, ಎರಡು ತಿಂಗಳಾದ್ರೂ ಬೇಕು."

"ಮೀನಿಂದಲ್ಲದ್ದು ಯಾವುದೂ ಇಲ್ವಾ ಡಾಕ್ಟ್ರೇ?"

"ಅಗಸೆ ಎಣ್ಣೆ ಇದೆ. ಆದ್ರೆ ನಾಯಿ ಮೈಗೆ ಅದು ಅಷ್ಟಾಗಿ ಹತ್ತಲ್ಲ ಅಮ್ಮಾ."

ನಾನು ಹಟಕ್ಕೆ ಬಿದ್ದು ಅಗಸೆ ಎಣ್ಣೆಯನ್ನೇ ತಂದೆ. ಮೊಸರನ್ನಕ್ಕೆ ಕಲಸಿ ಹಾಕಿದೆ. ಬೆನ್ನಿನ ಮೇಲೆ ಅಂಗೈ ಅಗಲ ಕೂದಲಿಲ್ಲದೆ ಬೋಳಾಯಿತು. ಹಗಲೆಲ್ಲ ಕಾಲು ನೆಕ್ಕಿಕೊಳ್ಳುತ್ತ ಬಿದ್ದಿರುತ್ತಿದ್ದ. ಅವನನ್ನು ನೋಡಿದಾಗಲೆಲ್ಲ ನನಗೆ ನಿಮ್ಮ ಮುಖವೇ ಕಣ್ಣೆದುರು ಬರುತ್ತಿತ್ತು. ನೀವು ಬಂದು 'ಏನ್ ಮಾಡಿದೆ ಇವನ್ನ?' ಎಂದರೆ ಏನು ಹೇಳಲಿ? ಮತ್ತೆ ಅಂದುಕೊಳ್ಳುತ್ತಿದ್ದೆ, ಹಾಗೆ ಬೈಯುವಷ್ಟು ಮಾತು ಬಂದರೆ ಸಾಕಲ್ಲ ದೇವರೇ. ಅದಕ್ಕಾಗಿಯೇ ಅಲ್ಲವೇ ಈ ಹರಕೆ? ಯಾವ ಕಡೆಗೂ ಹೆಜ್ಜೆ ಇಡಲಾಗಲಿಲ್ಲ.

ಕೊನೆಗೆ ಮೀನೆಣ್ಣೆ ತಂದೆ. ಮನೆಯೊಳಗೆ ತರಲಿಲ್ಲ, ಬಾಟಲಿಯನ್ನು ಕಾಂಪೌಂಡಿನಲ್ಲಿ ನಿಂತಿರುವ ನಿಮ್ಮ ಸ್ಕೂಟರಿನ ಡಿಕ್ಕಿಯಲ್ಲಿಟ್ಟೆ. ಹೊಸ್ತಿಲು ದಾಟಬಾರದು ಎಂದು ತಾನೆ ಹರಕೆ, ಸ್ಕೂಟರಿಗೆ ಹೊಸ್ತಿಲೆಲ್ಲಿದೆ? ನಗಬೇಡಿ. ಅಥವಾ ನಗಿ, ನಿಮ್ಮ ನಗು ಹಾಗೆಯೇ ಇದೆ ಎಂದು ಅತ್ತಿಗೆ ಹೇಳಿದರು. ಭಾನುವಾರ ಬೆಳಿಗ್ಗೆ ಅವನ ತಟ್ಟೆಯನ್ನು ಹೊರಗೆ ತಂದು, ಅನ್ನದ ಮೇಲೆ ಎಣ್ಣೆ ಹಾಕಿದೆ. ವಾಸನೆ ಗಪ್ ಎಂದು ಎದ್ದಿತು. ರೀಲು ಮೂಗು ಎತ್ತಿದ. ಎಷ್ಟೋ ತಿಂಗಳಿಂದ ಕಾಲೆಳೆದು ನಡೆಯುತ್ತಿದ್ದವನು ಒಂದೇ ಓಟಕ್ಕೆ ಓಡಿದ. ತಟ್ಟೆಯ ಹತ್ತಿರಕ್ಕಲ್ಲ, ಗೇಟಿಗೆ. ಮುಂದಿನ ಎರಡು ಕಾಲನ್ನೂ ಗೇಟಿನ ಕಂಬಿಯ ಮೇಲೆ ಇಟ್ಟು, ಬಾಲ ಆಡಿಸುತ್ತ, ಮಾರ್ಕೆಟ್ಟಿನ ಕಡೆಯ ರಸ್ತೆಯನ್ನೇ ನೋಡುತ್ತ ನಿಂತ. ಮೀನಿನ ವಾಸನೆ ಬಂತು ಎಂದರೆ ನೀವು ಚೀಲ ಹಿಡಿದು ಬರುತ್ತಿದ್ದೀರಿ ಎಂದು ಅವನ ಲೆಕ್ಕ.

ಅದೇ ಹೊತ್ತಿಗೆ ಮಹಡಿಯ ಸುಬ್ಬಮ್ಮನವರು ಮೆಟ್ಟಿಲ ತುದಿಗೆ ಬಂದು ಬಗ್ಗಿ ನೋಡಿ, "ಯಮುನಾ, ಮನೋಹರ್ ಬಂದ್ರಾ?" ಎಂದರು. ಮೀನಿನ ವಾಸನೆಗೆ ಯಾವಾಗಲೂ ಕಿಟಕಿ ಮುಚ್ಚಿಕೊಳ್ಳುತ್ತಿದ್ದ ಹೆಂಗಸು, ಆವತ್ತು ಎಷ್ಟು ಆಸೆಯಿಂದ ಕೇಳಿದರು. "ಇಲ್ಲ ಸುಬ್ಬಮ್ಮನೋರೇ, ನಾಯಿಗೆ ಔಷಧಿ" ಎಂದೆ. ಅವರು ಸೆರಗಿನಿಂದ ಬಾಯಿ ಒತ್ತಿಕೊಂಡು ಒಳಗೆ ಹೋದರು.

ರೀಲು ಆವತ್ತು ತಿನ್ನಲಿಲ್ಲ. ಮಾರನೆಯ ದಿನವೂ ಅಷ್ಟೆ. ಎಣ್ಣೆ ಹಾಕಿದ ತಕ್ಷಣ ಗೇಟು, ಗೇಟಿನಲ್ಲಿ ನಿಂತು ನಿಂತು ಸುಸ್ತಾಗಿ ಅಲ್ಲೇ ಮಲಗುವುದು. ತಟ್ಟೆಯಲ್ಲಿ ಇರುವೆ ಮುತ್ತುತ್ತಿತ್ತು. ನಾನು ಗೇಟಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, "ಬರಲ್ಲ ಕಣೋ, ಇವತ್ತು ಬರಲ್ಲ, ಬಾ ತಿನ್ನು" ಎಂದು ಬೇಡಿಕೊಂಡೆ. ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ರಸ್ತೆಯಲ್ಲಿ ಹೋಗುವವರೆಲ್ಲ ನೋಡುತ್ತಿದ್ದರು, ಆದರೂ ನನ್ನ ಕಣ್ಣಿನ ನೀರು ನಿಲ್ಲಲಿಲ್ಲ.

ಆಮೇಲೆ ಮಾಡಿದ್ದನ್ನೂ ಹೇಳಿಬಿಡುತ್ತೇನೆ. ಅವನು ಇನ್ನೆಲ್ಲಿ ತಿಂದಾನು ಎಂದು ಯೋಚಿಸಿದೆ. ತಟ್ಟೆಯನ್ನೂ ಬಾಟಲಿಯನ್ನೂ ಎತ್ತಿಕೊಂಡು, ಹೊಸ್ತಿಲು ದಾಟಿ, ನಡುಮನೆ ದಾಟಿ, ಅಡುಗೆಮನೆಗೆ ಹೋದೆ. ಅದೂ ಶ್ರಾವಣದಲ್ಲಿ. ನೀವು ನಿಲ್ಲುತ್ತಿದ್ದ ಜಾಗದಲ್ಲಿ, ಒಲೆಯ ಮುಂದೆ ನೆಲದ ಮೇಲೆ ಕೂತು ಎಣ್ಣೆ ಕಲಸಿದೆ. ರೀಲು ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದ. ಬಂದು ನನ್ನ ಕಾಲು ಮೂಸಿದ, ಮೂಲೆ ಮೂಲೆ ಮೂಸಿದ. ಆಮೇಲೆ ತಿಂದ. ತಟ್ಟೆ ಹೊಳೆಯುವ ಹಾಗೆ ನೆಕ್ಕಿ, ನನ್ನ ಮಡಿಲಲ್ಲಿ ಗಲ್ಲ ಇಟ್ಟ. ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಹಾಗೆ ಬಂದವನಲ್ಲ. ಅವನ ಬಾಯಿಂದ ಮೀನಿನ ವಾಸನೆ, ನನ್ನ ಕೈಯಲ್ಲೂ ಅದೇ ವಾಸನೆ. ನಾನು ಎಷ್ಟೋ ಹೊತ್ತು ಏಳಲಿಲ್ಲ.

ಮಾರನೆಯ ದಿನ ಗುಡಿಗೆ ಹೋಗಿ, ತಪ್ಪಾಯಿತು ಎಂದು ಹೇಳಲು ಹೊರಟವಳು ಬರೀ ಪ್ರದಕ್ಷಿಣೆ ಹಾಕಿ ವಾಪಸ್ಸು ಬಂದೆ. ಅಂದಿನಿಂದ ಅತ್ತಿಗೆಯ ಫೋನ್ ಬಂದಾಗಲೆಲ್ಲ ಭಯವಾಗುತ್ತಿತ್ತು. ನಿಮಗೆ ಏನಾದರೂ ಹೆಚ್ಚುಕಡಿಮೆಯಾದರೆ ಅದು ನನ್ನಿಂದಲೇ ಎಂದು. ಅವರು ಪ್ರತಿ ಸಲವೂ 'ಹಾಗೇ ಇದಾನಮ್ಮ, ಚೆನ್ನಾಗಿದಾನೆ' ಎನ್ನುತ್ತಿದ್ದರು. ನವರಾತ್ರಿಗೆ ಮುಂಚೆ ಆರು ತಿಂಗಳ ಮಾತಿನ ತರಬೇತಿ ಮುಗಿದಾಗ, 'ಇನ್ನು ಕರ್ಕೊಂಡು ಹೋಗ್ತೀಯಾ?' ಎಂದು ಕೇಳಿದರು. 'ಇನ್ನೂ ಸ್ವಲ್ಪ ದಿನ ಅಲ್ಲೇ ಇರಲಿ ಅತ್ತಿಗೆ, ನಾಲ್ಕು ಮಾತಾದರೂ ಬರಲಿ' ಎಂದವಳು ನಾನೇ. ಮುರಿದ ಹರಕೆಯ ಮನೆಗೆ ನಿಮ್ಮನ್ನು ಹೇಗೆ ಕರೆಯಲಿ ಎಂಬ ಭಯ ಒಂದು. ಮಾತಿಲ್ಲದ ನಿಮ್ಮ ಜೊತೆ ಹೇಗಿರಲಿ ಎಂಬ ಭಯ ಇನ್ನೊಂದು. ಎರಡನೆಯದು ಅವರಿಗೆ ಹೇಳಲಿಲ್ಲ.

ಈಗ ರೀಲು ಹೇಗಿದ್ದಾನೆ ಗೊತ್ತೇ? ದಸರಾ ಕಳೆಯುವ ಹೊತ್ತಿಗೆ ಕೆರೆಯುವುದು ನಿಂತಿತು. ಬೋಳಾಗಿದ್ದ ಜಾಗದಲ್ಲಿ ಮೊದಲು ತೆಳ್ಳಗೆ, ಈಗ ದಟ್ಟವಾಗಿ ಕೂದಲು ಬಂದಿದೆ, ಹೊಸದು ಸ್ವಲ್ಪ ಕಪ್ಪು ಬಣ್ಣ. ಮೈ ಮೇಲೆ ಕೈಯಾಡಿಸಿದರೆ ರೇಷ್ಮೆ. ಡಾಕ್ಟರು ನೋಡಿ ಖುಷಿಪಟ್ಟರು, ಮೊಟ್ಟೆಯನ್ನೂ ಶುರು ಮಾಡಿದ್ದೇನೆ. ಗೇಟಿಗೆ ಈಗಲೂ ಓಡುತ್ತಾನೆ, ಒಂದು ಸಲ ನೋಡಿ ವಾಪಸ್ಸು ಬಂದು ತಿನ್ನುತ್ತಾನೆ. ಸಂಜೆ ನಾನು ಸೊಪ್ಪು ಬಿಡಿಸುವಾಗ ಪಕ್ಕದಲ್ಲೇ ಇರುತ್ತಾನೆ. ಕಾಲೇಜಿನಲ್ಲಿ ಯಾರು ಏನಂದರು, ಯಾವ ಹುಡುಗ ಪುಸ್ತಕದ ಹಾಳೆ ಹರಿದ, ಎಲ್ಲ ಅವನಿಗೆ ಹೇಳುತ್ತೇನೆ. ಮೊನ್ನೆ ಈರುಳ್ಳಿ ಹೆಚ್ಚುತ್ತ, ಕೈ ಬಿಡುವಿಲ್ಲದೆ, "ರೀ, ಹಾಲು ಉಕ್ತಾ ಇದೆಯಾ ನೋಡ್ರೀ" ಎಂದುಬಿಟ್ಟೆ. ಅವನು ಎದ್ದು ಅಡುಗೆಮನೆ ಬಾಗಿಲಿಗೆ ಹೋಗಿ ನಿಂತು, ಒಲೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ನಗು ಬಂತು. ಹಾಲು ನಿಜವಾಗಿಯೂ ಉಕ್ಕಿ ಹೋಯಿತು. ಒಲೆ ಆರಿಸಲು ಏಳಲೂ ಆಗದಷ್ಟು ನೀವು ನೆನಪಾದಿರಿ.

ಹನುಮಕ್ಕ ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸಿ, ತೋರಿಸಿದರೂ ಸಾಕು, ಈ ಸಾಲಿನ ಮೇಲೆ ಬೆರಳಿಟ್ಟು. ಸುಬ್ಬಮ್ಮನವರು ನಿಮ್ಮನ್ನು ತುಂಬ ವಿಚಾರಿಸಿದರು. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ, ಹರಕೆ ಇಲ್ಲದೆಯೇ ಕೇಳಿಕೊಳ್ಳುತ್ತಿದ್ದೇನೆ.

ಇಂತಿ ನಿಮ್ಮ,
ಯಮುನಾ

ಮರೆತಿದ್ದೆ: ಲಕೋಟೆ ಅಂಟಿಸುವ ಮುಂಚೆ ಇದೊಂದು. ಭಾನುವಾರ ನಮ್ಮಣ್ಣನ ಮಗ ಕೇದಾರ್ ಕಾರು ತರುತ್ತಾನೆ. ನಾನೂ ರೀಲುವೂ ಮೈಸೂರಿಗೆ ಬರುತ್ತೇವೆ, ನಿಮ್ಮನ್ನು ಮನೆಗೆ ಕರೆದುಕೊಂಡು ಬರಲು. ಮಾತಿನ ತರಬೇತಿ ಕೊಡುವ ಹುಡುಗಿಯೊಬ್ಬಳು ಇಲ್ಲಿ ಮನೆಗೇ ಬರುತ್ತಾಳಂತೆ, ಕಲಿಯಬೇಕು ಅನ್ನಿಸಿದರೆ ಕಲಿಯಿರಿ, ಇಲ್ಲದಿದ್ದರೆ ಬಿಡಿ. ನಾಲ್ಕು ಮಾತು ಬರಲಿ ಎಂದಿದ್ದೆನಲ್ಲ, ಆ ಮಾತನ್ನು ವಾಪಸ್ಸು ತೆಗೆದುಕೊಂಡಿದ್ದೇನೆ. ನಿಮಗೆ ಬರಲು ಇಷ್ಟವಿಲ್ಲದಿದ್ದರೆ ಮಾತ್ರ ಅತ್ತಿಗೆಯ ಕೈಲಿ ಶನಿವಾರದೊಳಗೆ ಫೋನ್ ಮಾಡಿಸಿ. ಇಷ್ಟವಿದ್ದರೆ ಏನೂ ಹೇಳಬೇಡಿ. ಫೋನ್ ಬರಲಿಲ್ಲ ಎಂದರೆ ನಾನು ಹೊರಟುಬಿಡುತ್ತೇನೆ.