ದೀಪಸ್ತಂಭದ ಪಟ್ಟೆ ಮತ್ತು ಬೇಬಿಯ ತಲೆನೋವು

ಮಾನ್ಯರೇ, ಹೊಸ ಮೀನು ಮಾರುಕಟ್ಟೆಯ ಗೋಡೆಗೆ ಪಟ್ಟೆ ಬಳಿಸಿದ ಅಧಿಕಾರಿಗಳೇ,

ನಿಮ್ಮ ಗೋಡೆ ನನ್ನ ಸೊಸೆಯ ತಲೆ ತಿನ್ನುತ್ತಿದೆ. ನೀವು ಅದು ಸುಳ್ಳು ಎನ್ನುತ್ತೀರಿ. ಸುಳ್ಳು ಯಾರದ್ದೆಂದು ಊರವರೇ ತೀರ್ಮಾನಿಸಲಿ ಎಂದು ಇದನ್ನು ಪತ್ರಿಕೆಗೆ ಕಳುಹಿಸಿದ್ದೇನೆ. ನಾಲ್ಕನೇ ಕ್ಲಾಸಿನವರೆಗೆ ಓದಿದವಳ ಅಕ್ಷರ, ದೊಡ್ಡದಾಗಿಯೇ ಬರೆದಿದ್ದೇನೆ.

ಎರ್ಮಾಳಿನಿಂದ ಬುಟ್ಟಿ ಹೊತ್ತು ಬಂದು ನಾನು ಮೀನು ಮಾರಿದ ಜಾಗದಲ್ಲಿ ಈಗ ಸೊಸೆ ಬೇಬಿ ಕೂರುತ್ತಾಳೆ. ಕಟ್ಟಡ ಹೊಸತಾದಾಗ ಅವಳ ಎದುರಿನ ಗೋಡೆಗೆಲ್ಲ ಬೆರಳಗಲದ ಕಪ್ಪು ಬಿಳಿ ಪಟ್ಟೆ ಬಂತು. ಕಾಪು ದೀಪಸ್ತಂಭದ ಮಾದರಿಯಂತೆ. ಸ್ವಾಮಿ, ದೀಪಸ್ತಂಭಕ್ಕೆ ಪಟ್ಟೆ ಬಳಿಯುವುದು ದೂರದ ದೋಣಿಯವನ ಕಣ್ಣನ್ನು ಎಳೆಯಲಿಕ್ಕೆ. ಅವನು ಒಮ್ಮೆ ನೋಡಿ, ದಿಕ್ಕು ತಿಳಿದು, ತನ್ನ ದಾರಿ ಹಿಡಿಯುತ್ತಾನೆ. ಮಧ್ಯಾಹ್ನದವರೆಗೆ ಅದರ ಎದುರೇ ಕೂರುವ ಬೇಬಿ ಯಾವ ದಾರಿ ಹಿಡಿಯಬೇಕು? ತಿರುಗಿ ಕೂತು ಗಿರಾಕಿಗೆ ಬೆನ್ನು ತೋರಿಸಿ ಬಂಗುಡೆ ಮಾರಬೇಕೇ?

ಅರೆತಲೆನೋವು ಅವಳಿಗೆ ಮೊದಲೂ ಅಪರೂಪಕ್ಕೆ ಬರುತ್ತಿತ್ತು. ಈಗ ಮೀನು ಕೊಯ್ಯುತ್ತಾ ತಲೆ ಎತ್ತಿದರೆ ಸಾಕು, ಪಟ್ಟೆಗಳು ಅಲುಗುತ್ತವೆ, ಕತ್ತಿ ಇಟ್ಟು ತಲೆ ಹಿಡಿದು ಮನೆಗೆ ಬಂದು ಮಲಗುತ್ತಾಳೆ. ನಾನು ದೃಷ್ಟಿಯೆಂದು ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದೆ. ಮನೆಯವರೆಲ್ಲ ಕೆಮ್ಮಿದರು, ನೋವು ಹೋಗಲಿಲ್ಲ. ಪಕ್ಕದಲ್ಲಿ ಸಿಗಡಿ ಮಾರುವ ಸಿಸಿಲಿಯಾ ಬಾಯಿಯೇ ಹೇಳಿದಳು, "ಕಮಲಕ್ಕ, ಮನೆಯಲ್ಲಿರುವ ದಿನ ಇವಳಿಗೆ ಎಂತದೂ ಇಲ್ಲ ಅಲ್ವಾ? ದೃಷ್ಟಿ ತೆಗೆಯುವುದಾದರೆ ಆ ಗೋಡೆಗೆ ತೆಗೆಯಿರಿ." ಅವಳೇ ದೋಣಿಯ ನೀಲಿ ಟಾರ್ಪಾಲು ತಂದು ಗೋಡೆಗೆ ಕಟ್ಟಿದಳು. ಅದು ಇದ್ದಷ್ಟು ದಿನ ಬೇಬಿ ತಲೆ ಹಿಡಿಯಲಿಲ್ಲ. ಅಂದ ಕೆಡುತ್ತದೆಂದು ನೀವು ಬಿಚ್ಚಿಸಿದಿರಿ. ಬೇಬಿ ಪುನಃ ಮಲಗಿದಳು. ಆಮೇಲೆ ನೋಟಿಸು ಬಂತು: ಖಾಲಿ ಬಿಟ್ಟ ಜಾಗ ಬೇರೆಯವರಿಗೆ. ಗೋಡೆಗೆ ಪಟ್ಟೆ ಬಳಿಸುವ ಮೊದಲೇ ನೋಟಿಸು ಬರೆದಿಟ್ಟಿದ್ದಿರೋ? ಆ ಜಾಗ ಖಾಲಿಯಾಗಲೆಂದು ಕಾಯುತ್ತಿರುವವರು ಯಾರು?

ಮಣಿಪಾಲದ ಡಾಕ್ಟರಮ್ಮ ನನಗೆ ತಿಳಿಯುವ ಹಾಗೆ ಹೇಳಿದರು. ಒತ್ತೊತ್ತಾದ ಗೆರೆ ಕಂಡಾಗ ಮಿದುಳಿನ ಹಿಂಬದಿಯಲ್ಲಿ ನೋಟಕ್ಕೆಂದು ಇರುವ ಭಾಗ ಅಗತ್ಯಕ್ಕಿಂತ ಹೆಚ್ಚು ದುಡಿಯುತ್ತದಂತೆ. ತಲೆನೋವಿನ ಸ್ವಭಾವದವರಲ್ಲಿ ಇನ್ನೂ ಹೆಚ್ಚು. ಅದನ್ನು ಹೇಳಲಿಕ್ಕೆ ನಿಮ್ಮ ಕಚೇರಿಗೆ ಬಂದೆ.

"ಅಜ್ಜಿ, ಉಳಿದ ಹೆಂಗಸರಿಗೆ ಇಲ್ಲದ ನೋವು ನಿಮ್ಮ ಸೊಸೆಗೆ ಮಾತ್ರ ಎಂತಕ್ಕೆ?" ಎಂದು ನಕ್ಕಿರಿ.

ನನ್ನ ಗಂಡ ಬೂಬಣ್ಣ ಅಲೆಯ ಮೇಲೆ ಗಂಜಿ ಉಣ್ಣುತ್ತಿದ್ದರು. ಅವರ ತಮ್ಮ ಅದೇ ದೋಣಿಯಲ್ಲಿ ವಾಂತಿ ಮಾಡುತ್ತಿದ್ದ. ಹಾಗಾದರೆ ಅಲೆ ಸುಳ್ಳೇ?

ನಾನು ಬಾಗಿಲು ದಾಟಿದ ಕೂಡಲೇ ನೀವು ಜವಾನನಿಗೆ ಹೇಳಿದ್ದು ಇದು: "ಕಿಟಕಿಯ ಆ ಪಟ್ಟಿ ಪರದೆ ಪೂರ್ತಿ ಮುಚ್ಚು ಮಾರಾಯ. ಮೇಜಿನ ಮೇಲೆ ಗೆರೆಗೆರೆ ಬಿಸಿಲು, ತಲೆ ಸಿಡಿಯುತ್ತದೆ." ನನ್ನ ಕಿವಿ ಇನ್ನೂ ಚುರುಕುಂಟು. ನಿಮ್ಮ ತಲೆ ಸಿಡಿದರೆ ಪರದೆ, ಬೇಬಿಯ ತಲೆ ಸಿಡಿದರೆ ನೋಟಿಸು. ಮಿದುಳಿಗೂ ಸರಕಾರಿ ದರ್ಜೆ ಉಂಟೆಂದು ಡಾಕ್ಟರಮ್ಮ ಹೇಳಲಿಲ್ಲ.

ಕೇಳುವುದು ಇಷ್ಟೇ. ಗೋಡೆಗೆ ಒಂದೇ ಬಣ್ಣ ಬಳಿಸಿ, ನೋಟಿಸು ಹಿಂದೆ ಪಡೆಯಿರಿ. ಅಲ್ಲಿಯವರೆಗೆ ಜಾಗ ಖಾಲಿ ಇರುವುದಿಲ್ಲ; ನಾಳೆಯಿಂದ ನಾನು ಕೂರುತ್ತೇನೆ. ನನ್ನ ಎರಡೂ ಕಣ್ಣಿಗೆ ಪೊರೆ ಬಂದಿದೆ. ನಿಮ್ಮ ಕಪ್ಪು, ನಿಮ್ಮ ಬಿಳಿ, ಎಲ್ಲ ಸೇರಿ ನನಗೆ ಮಳೆಗಾಲದ ಕಡಲಿನಷ್ಟೇ ಮಸುಕು. ಪೊರೆ ತೆಗೆಯಲು ಆಸ್ಪತ್ರೆಯವರು ದಿನ ಕೊಟ್ಟಿದ್ದರು. ಬಣ್ಣ ಬಳಿದ ಮೇಲೆ ಬರುತ್ತೇನೆಂದು ಹೇಳಿ ಬಂದಿದ್ದೇನೆ.

ಇಂತಿ,
ಕಣ್ಣು ಕಾಣದ್ದರಿಂದ ನಿಮ್ಮ ಗೋಡೆಯೆದುರು ಕೂರಬಲ್ಲ
ಎರ್ಮಾಳಿನ ಕಮಲ