ಕಾರಿನಲ್ಲಿ ಇಲಿಯ ಸಂಸಾರ

ಕೋಡಿಂಬಾಳ
14 ಡಿಸೆಂಬರ್ 2024

ಶಿಫಾಳ ಉಪ್ಪನಿಗೆ ನೆಬೀಸಳ ಸಲಾಂ.

ಅಲ್ಲಾಹನ ದಯೆಯಿಂದ ನಾವೆಲ್ಲ ಇಲ್ಲಿ ಸೌಖ್ಯ. ದಿನಾ ಫೋನಿನಲ್ಲಿ ಮುಖ ನೋಡುವವಳು ಕಾಗದ ಯಾಕೆ ಬರೆದಳು ಎಂದು ನಿಮಗೆ ನಗು ಬರಬಹುದು. ಕಾರಿನ ಕಥೆ ಪೂರ್ತಿ ಹೇಳುತ್ತೇನೆ ಎಂದು ಮಾತು ಕೊಟ್ಟು ಬಹಳ ದಿನವಾಯಿತು. ಶುರು ಮಾಡುವಾಗೆಲ್ಲ ಶಿಫಾ ಫೋನ್ ಎಳೆದುಕೊಳ್ಳುತ್ತಾಳೆ, ಇಲ್ಲದಿದ್ದರೆ ನಿಮಗೆ ಡ್ಯೂಟಿಗೆ ಹೊತ್ತಾಗುತ್ತದೆ. ತಡವಾದದ್ದಕ್ಕೆ ಬೇಸರ ಮಾಡಬೇಡಿ. ನಿಮ್ಮ ಚಿಕ್ಕಪ್ಪನ ಮಗ ಅಸ್ಕರ್ ನಾಡಿದ್ದು ಅಲ್ಲಿಗೆ ಹೊರಡುತ್ತಾನೆ. ಅವನ ಬ್ಯಾಗಿನಲ್ಲಿ ಅಕ್ಕಿಹುಡಿ, ಒಣಮೀನು, ನಿಮ್ಮ ಉಮ್ಮ ಹಾಕಿದ ನಿಂಬೆ ಉಪ್ಪಿನಕಾಯಿಯ ಜೊತೆ ಇದೂ ಬರುತ್ತದೆ.

ಏಪ್ರಿಲಿನಲ್ಲಿ ರಜೆ ಮುಗಿಸಿ ಹೋಗುವಾಗ ನೀವು ಹೊಸ ಕಾರನ್ನು ಮಗುವನ್ನು ಮೀಯಿಸಿದ ಹಾಗೆ ತೊಳೆದು, ಹೊದಿಕೆ ಹಾಕಿ ಶೆಡ್ಡಿನಲ್ಲಿ ಇಟ್ಟು ಹೋದಿರಿ. "ವಾರಕ್ಕೊಮ್ಮೆ ಯಾರ ಹತ್ರವಾದ್ರೂ ಸ್ಟಾರ್ಟ್ ಮಾಡಿಸು, ರೋಡಿಗೆ ಇಳಿಸುದು ಬೇಡ" ಎಂದಿರಿ. ಮಳೆ ಹಿಡಿದ ಮೇಲೆ ಸ್ಟಾರ್ಟ್ ಮಾಡುವವರು ಯಾರೂ ಬರಲಿಲ್ಲ. ಉಮ್ಮ ಕೋಳಿಯ ತಿಂಡಿಯ ಚೀಲವನ್ನೂ ಕಾಯಿಯ ರಾಶಿಯನ್ನೂ ಅದೇ ಶೆಡ್ಡಿಗೆ ಸೇರಿಸಿದರು. ಇಲಿಗಳಿಗೆ ಊಟವೂ ಆಯಿತು, ವಸತಿಯೂ ಆಯಿತು.

ಮೊದಲು ಗೊತ್ತಾದದ್ದು ಶಿಫಾಳಿಗೆ. ಅಕ್ಟೋಬರ್ ರಜೆಯಲ್ಲಿ ಶೆಡ್ಡಿನಲ್ಲಿ ಆಡುತ್ತಿದ್ದವಳು ಓಡಿ ಬಂದು, "ಉಮ್ಮಾ, ಕಾರಿನ ಒಳಗೆ ಯಾರೋ ಮಾತಾಡ್ತಾ ಇದ್ದಾರೆ" ಎಂದಳು. ಹೊದಿಕೆ ಎತ್ತಿದೆ. ಮೂಗು ಮುಚ್ಚಿಕೊಳ್ಳುವ ವಾಸನೆ. ಹಿಂದಿನ ಸೀಟಿನ ಮೂಲೆ ಕಚ್ಚಿ ಸ್ಪಂಜೆಲ್ಲ ಹೊರಗೆ ಬಂದಿತ್ತು. ಬೋನೆಟ್ ತೆಗೆದರೆ ಇಂಜಿನಿನ ಮೇಲೆ ತೆಂಗಿನ ನಾರು, ಅಡಿಕೆ ಸಿಪ್ಪೆ, ನೀವು ಡ್ಯಾಶ್‌ಬೋರ್ಡಿನಲ್ಲಿ ಇಟ್ಟಿದ್ದ ಟಿಶ್ಯೂ ಕಾಗದ, ಎಲ್ಲ ಸೇರಿಸಿ ಒಳ್ಳೆ ಹಾಸಿಗೆಯೇ ಮಾಡಿಕೊಂಡಿದ್ದವು. ವಯರುಗಳು ಅಲ್ಲಲ್ಲಿ ಬೋಳಾಗಿದ್ದವು. ಉಮ್ಮ ಹಿಂದೆ ಬಂದು ನಿಂತು, "ಇದಕ್ಕಾ ನನ್ನ ಮಗ ಮರುಭೂಮಿಯಲ್ಲಿ ಬೆವರು ಸುರಿಸುದು?" ಎಂದು ಅಲ್ಲೇ ಕೂತುಬಿಟ್ಟರು.

ವಿಷ ಇಡುವ ಎಂದು ನಾನೇ ಹೇಳಿದೆ. ಆದರೆ ಆಲಂಕಾರಿನಿಂದ ಬಂದ ಮೆಕ್ಯಾನಿಕ್ ಮೇದಪ್ಪ ಬೇಡವೇ ಬೇಡ ಎಂದ. ನಿಮಗೆ ಗೊತ್ತುಂಟಲ್ಲ, ಬಾಯಿಯಲ್ಲಿ ಎಲೆಅಡಿಕೆ ಇಲ್ಲದೆ ಅವನಿಗೆ ಸ್ಪಾನರ್ ಹಿಡಿಯಲಿಕ್ಕೆ ಆಗುವುದಿಲ್ಲ.

"ಅಕ್ಕ, ವಿಷ ತಿಂದು ಅದು ಎಲ್ಲಿಯಾದ್ರೂ ಸಂದಿಯಲ್ಲಿ ಸತ್ತರೆ ಇಡೀ ಗಾಡಿ ಬಿಚ್ಚಬೇಕು. ಆ ವಾಸನೆಗೆ ನಿಮ್ಮ ಯಜಮಾನ್ರು ಅಲ್ಲಿಂದಲೇ ಮೂಗು ಮುಚ್ಚಿಯಾರು."

ಎಸಿಯ ಗಾಳಿ ಹೋಗುವ ಪೆಟ್ಟಿಗೆಯನ್ನು ಬಿಚ್ಚಿದಾಗ ಅವನ ಕೈ ನಿಂತಿತು. ಒಳಗೆ ಸ್ಪಂಜಿನ ನಡುವೆ ಕಣ್ಣು ಬಿಡದ ಕೆಂಪು ಮರಿಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಉಮ್ಮ ಬಯ್ಯುತ್ತಾರೆ ಎಂದುಕೊಂಡೆ. ಅವರು ಬಗ್ಗಿ ನೋಡಿ, "ಗೂಡು ಸಮೇತ ತೆಗಿ ಮೇದಪ್ಪ" ಎಂದು, ತಾವೇ ಒಂದು ಅಡಿಕೆ ಹಾಳೆ ತಂದು ಹಿಡಿದರು. ತೋಟದ ಆಚೆ ಬದಿಯ ಕಲ್ಲುಗಳ ನಡುವೆ ಇಟ್ಟು ಬಂದೆವು. ಮರುದಿನ ಬೆಳಿಗ್ಗೆ ಹಾಳೆ ಖಾಲಿ. ತಾಯಿ ಬಂದು ಕೊಂಡುಹೋಗಿರಬೇಕು ಎಂದು ಶಿಫಾ. ಕೇರೆಹಾವೋ ಬೆಕ್ಕೋ ಎಂದು ನಾನು ಹೇಳಲಿಲ್ಲ.

ಮೇದಪ್ಪ ವಯರು ಜೋಡಿಸಿ, ಗಾಳಿ ಹೋಗುವ ಬಾಯಿಗೆ ಸಣ್ಣ ಕಣ್ಣಿನ ಬಲೆ ಹಾಕಿ, ಬ್ಯಾಟರಿ ಚಾರ್ಜ್ ಮಾಡಿ ಕೊಟ್ಟ. ಕೋಳಿಯ ತಿಂಡಿ ಶೆಡ್ಡಿನಿಂದ ಹೊರಗೆ ಹೋಯಿತು. ಹೊರಡುವಾಗ ಉಮ್ಮನಿಗೆ, "ಇಷ್ಟೆಲ್ಲ ಮಾಡಿದ್ರೂ ನಿಲ್ಲಿಸಿದ ಗಾಡಿಗೆ ಇಲಿ ತಿರುಗಿ ಬರ್ತದೆ ಕದೀಜಮ್ಮ. ಮದ್ದು ಒಂದೇ. ದಿನಾ ಓಡಿಸುದು" ಎಂದ.

"ಓಡಿಸುದು ಯಾರು ಮಾರಾಯ? ಜಾಸಿರ್ ಬರುವಾಗ ಇನ್ನು ಒಂದು ವರ್ಷ ಉಂಟು" ಎಂದರು ಉಮ್ಮ.

"ನಾನು ಓಡಿಸ್ತೇನೆ" ಎಂದೆ.

ಬೆಟ್ಟಂಪಾಡಿಯಲ್ಲಿ ಮದುವೆಗೆ ಮೊದಲೇ ನನ್ನ ಉಪ್ಪ ನನಗೆ ಲೈಸೆನ್ಸ್ ಮಾಡಿಸಿದ್ದು ನಿಮಗೆ ಗೊತ್ತು. ಆಮೇಲೆ ಸ್ಟೇರಿಂಗ್ ಮುಟ್ಟಿದವಳಲ್ಲ. ಉಮ್ಮ ನನ್ನನ್ನು ನೋಡಿದರು, ಮೇದಪ್ಪನನ್ನು ನೋಡಿದರು, ಒಳಗೆ ಹೋದರು. ಆ ದಿನ ಊಟಕ್ಕೆ ಕೂತಾಗ, "ಊರಿನವರು ಎಂತ ಹೇಳ್ತಾರೆ" ಎಂದು ಕೇಳುತ್ತಾರೆ ಎಂದು ಉತ್ತರ ಜೋಡಿಸಿಕೊಂಡೇ ಇದ್ದೆ. ಕೇಳಲೇ ಇಲ್ಲ. ಮರುದಿನ ಸಂಜೆಯ ಅಸರ್ ನಮಾಜು ಮುಗಿಸಿ ಬಂದು, ಕಪಾಟಿನಿಂದ ಕಾರಿನ ಕೀ ತೆಗೆದು ನನ್ನ ಅಂಗೈಯಲ್ಲಿ ಇಟ್ಟರು. "ತೆಗೊ. ಹಿಂದಿನ ಸೀಟಿನಲ್ಲಿ ನಾನು ಕೂರ್ತೇನೆ" ಎಂದರು.

ಪಕ್ಕದ ಮನೆಯ ಮೂಕಾಂಬಿಕಾ ಟೀಚರ್ ಭಾನುವಾರಗಳಲ್ಲಿ ಶಾಲೆಯ ಮೈದಾನಕ್ಕೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂತು ಕಲಿಸಿದರು. ಹಿಂದೆ ಹರಿದ ಸೀಟಿಗೆ ಹಳೆ ಬೆಡ್‌ಶೀಟ್ ಹಾಸಿ ಉಮ್ಮ. ಮೊದಮೊದಲು ಅವರ ಬಾಯಿಯಲ್ಲಿ ಅಲ್ಲಾಹನ ನಾಮದ ದಿಕ್ರ್ ಬಿಟ್ಟರೆ ಬೇರೆ ಮಾತಿಲ್ಲ. ಗಾಡಿ ಆಫ್ ಆದಾಗೆಲ್ಲ ಸ್ವರ ದೊಡ್ಡದಾಗುತ್ತಿತ್ತು. ಈಗ ನೋಡಬೇಕು ನೀವು. "ಹಾರ್ನ್ ಹಾಕು, ತಿರುವು ಉಂಟು", "ಆ ರಿಕ್ಷಾದವನಿಗೆ ದಾರಿ ಕೊಡಬೇಡ, ಅವ ಅಂಥವನೇ" ಎಂದು ನನಗೇ ಪಾಠ. ಕಡಬಕ್ಕೆ ಮೀನಿಗೆ ಹೋಗುವಾಗಲೂ ಅತ್ತರ್ ಹಾಕಿಕೊಂಡು ಹೊರಡುತ್ತಾರೆ.

ಕಳೆದ ವಾರ ಬೆಟ್ಟಂಪಾಡಿಗೆ ಹೋಗಿದ್ದೆವು. ಉಪ್ಪ ಗೇಟಿನ ಹತ್ತಿರ ನಿಂತಿದ್ದರು, ಯಾರದೋ ಗಾಡಿ ಎಂದು ಬದಿಗೆ ಸರಿದರು. ಗ್ಲಾಸ್ ಇಳಿಸಿ ಸಲಾಂ ಹೇಳಿದಾಗ ಬಹಳ ಹೊತ್ತು ಬೋನೆಟ್ಟಿನ ಮೇಲೆ ಕೈ ಇಟ್ಟುಕೊಂಡು ನಿಂತರು. ಆಮೇಲೆ ಅಂಗಡಿಗೆ ಹೋಗಿ ಎಲ್ಲರಿಗೂ ಹೇಳಿ ಬಂದರಂತೆ. ನನಗೆ ಅಷ್ಟು ಸಂತೋಷ ಯಾವಾಗ ಆದದ್ದೋ ನೆನಪಿಲ್ಲ.

ಇಲಿ ತಿರುಗಿ ಬರಲಿಲ್ಲ. ಒಂದು ಬಂದು ನೋಡಿ ಹೋಗಿದೆ, ಹೆಜ್ಜೆ ಗುರುತು ಇತ್ತು. ನಮ್ಮ ಓಡಾಟ ನೋಡಿ ಇದು ಸಂಸಾರಕ್ಕೆ ಆಗುವ ಜಾಗ ಅಲ್ಲ ಎಂದುಕೊಂಡಿರಬೇಕು. ಹೊಸ ಸೀಟು ನೀವು ಬಂದ ಮೇಲೆ ಹಾಕಿಸುವ. ಎಡಬದಿಯ ಬಾಗಿಲಲ್ಲಿ ಒಂದು ಉದ್ದದ ಗೀರು ಉಂಟು. ಅದು ಇಲಿ ಮಾಡಿದ್ದಲ್ಲ. ಕೋಪ ಬಂದರೆ ಗೇಟಿನ ಕಂಬಕ್ಕೆ ಬಯ್ಯಿರಿ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಿಮ್ಮ ಆಯುಸ್ಸು ಆರೋಗ್ಯಕ್ಕೆ ಉಮ್ಮ ಐದು ಹೊತ್ತೂ ದುಆ ಮಾಡುತ್ತಾರೆ, ನಾನೂ ಮಾಡುತ್ತೇನೆ. ಶಿಫಾಳ ಮುತ್ತು ಈ ಕಾಗದದ ಮೂಲೆಯಲ್ಲಿ ಉಂಟು, ಒದ್ದೆಯಾದ ಕಡೆ.

ನಿಮ್ಮ
ನೆಬೀಸ

ಒಂದು ಮಾತು ಉಳಿಯಿತು. ಜೂನಿನಲ್ಲಿ ನನಗೆ ಜ್ವರ ಎಂದು ನಿಮಗೆ ಹೇಳಿದ್ದು ಸುಳ್ಳು. ನಾನು ಬಸುರಿಯಾಗಿದ್ದೆ. ಮೂರು ತಿಂಗಳು ತುಂಬಲಿ, ಆಮೇಲೆ ಹೇಳುವ ಎಂದು ಉಮ್ಮನೂ ನಾನೂ ಕಾಯುತ್ತಿದ್ದೆವು. ಒಂದು ಮಧ್ಯಾಹ್ನ ಹೊಟ್ಟೆನೋವು ಶುರುವಾಯಿತು. ದೊಡ್ಡ ಮಳೆ. ಟೀಚರ್ ಶಾಲೆಯಲ್ಲಿದ್ದರು, ಫೋನ್ ಮಾಡಿದರೆ ಯಾರೂ ಸಿಗಲಿಲ್ಲ. ಉಮ್ಮ ಕೊಡೆ ಹಿಡಿದು ರಸ್ತೆಯಲ್ಲಿ ನಿಂತು ಹೋಗುವ ಗಾಡಿಗಳಿಗೆಲ್ಲ ಕೈ ತೋರಿಸಿದರು. ನಾನು ಶೆಡ್ಡಿನ ಬಾಗಿಲಿಗೆ ಒರಗಿ ಕೂತಿದ್ದೆ. ಕಾರು ನನ್ನ ಬೆನ್ನ ಹಿಂದೆಯೇ ಇತ್ತು. ಕೊನೆಗೆ ಒಂದು ರಿಕ್ಷಾ ಸಿಕ್ಕಿ ಪುತ್ತೂರು ಮುಟ್ಟುವಾಗ ಎಲ್ಲ ಮುಗಿದಿತ್ತು. ಬೇಗ ಬಂದಿದ್ದರೆ ಉಳಿಯುತ್ತಿತ್ತಾ ಎಂದು ಉಮ್ಮ ಕೇಳಿದ್ದಕ್ಕೆ, "ಹೇಳ್ಲಿಕ್ಕೆ ಆಗುದಿಲ್ಲ" ಎಂದರು ಡಾಕ್ಟರಮ್ಮ. ಒಬ್ಬನೇ ಅಷ್ಟು ದೂರ ಇದ್ದು ಹೇಗೆ ತಡೆದುಕೊಳ್ಳುತ್ತಾನೆ ಎಂದು ನಿಮಗೆ ತಿಳಿಸದೆ ಇದ್ದದ್ದು ಉಮ್ಮ. ಅವರಿಗೆ ಏನೂ ಹೇಳಬೇಡಿ. ನನಗಿಂತ ಹೆಚ್ಚು ಅತ್ತವರು ಅವರು.

ಈಗ ನನ್ನ ಮೈ ಚೆನ್ನಾಗಿದೆ. ಇದನ್ನು ಓದಿದ ದಿನ ಫೋನ್ ಮಾಡಿದರೆ ಅದರ ಬಗ್ಗೆ ಕೇಳಬೇಡಿ, ಇಲ್ಲಿ ಫೋನ್ ಯಾವಾಗಲೂ ಸ್ಪೀಕರಿನಲ್ಲಿ ಇರುತ್ತದೆ. ನನ್ನ ಹೆಸರು ಕರೆದು ಸ್ವಲ್ಪ ಹೊತ್ತು ಸುಮ್ಮನಿರಿ. ನೀವು ಓದಿದ್ದೀರಿ ಎಂದು ತಿಳಿದುಕೊಳ್ಳುತ್ತೇನೆ.