ಹಗ್ಗ ಮುಟ್ಟಿದವರ ಪಾಲು

ಬೈಷಾ, ಯೀಲಾನ್
ಮೇ 12, 1989

ಪ್ರೀತಿಯ ಮಗ ಆಹೋಕ್‌ಗೆ,

ಹೇಗಿದ್ದೀಯಪ್ಪಾ? ಸೊಂಟದ ನೋವು ಕಡಿಮೆಯಾಯಿತಾ? ನಾನು ಕಟ್ಟಿಕೊಟ್ಟ ಮುಲಾಮು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲಾ ಹಡಗಿನಲ್ಲಿ ಎಲ್ಲೋ ಮೂಲೆಗೆ ಎಸೆದಿದ್ದೀಯೋ? ನಿನ್ನ ಬುದ್ಧಿ ನನಗೆ ಗೊತ್ತಿಲ್ಲವಾ! ಹೊತ್ತಿಗೆ ಸರಿಯಾಗಿ ಊಟ ಮಾಡು. ಬರೀ ನೂಡಲ್ಸ್ ಕುದಿಸಿಕೊಂಡು ಕುಡಿಯಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ಮಳೆ ಬರುವ ಮುಂಚೆ ನನ್ನ ಮೊಣಕಾಲು ಹಿಡಿದುಕೊಳ್ಳುತ್ತದೆ, ಅದು ಬಿಟ್ಟರೆ ಮತ್ತೇನಿಲ್ಲ. ನಿನ್ನ ಹೆಂಡತಿ ಫೊಂಗ್‌ಮೊಯ್ ಎದುರಿಗೇ ಕೂತು ಕಡಲೆಕಾಯಿ ಬಿಡಿಸುತ್ತಿದ್ದಾಳೆ. ಬರೆದು ಮುಗಿಸಿದ ಮೇಲೆ ಕಾಗದವನ್ನು ಅವಳ ಕೈಗೆ ಕೊಡಬೇಕಂತೆ. ಲಕೋಟೆಯ ಮೇಲೆ ಇಂಗ್ಲಿಷಿನಲ್ಲಿ ವಿಳಾಸ ಬರೆಯುವವಳು ಅವಳೇ ತಾನೆ? ಬರೆಯುವ ಮುಂಚೆ ಒಂದು ಸಲ ಓದಿ ನೋಡುತ್ತಾಳಂತೆ. ಅತ್ತೆಯ ಕಾಗದಕ್ಕೆ ಸೊಸೆಯ ತಪಾಸಣೆ! ಕಾಲ ಎಲ್ಲಿಗೆ ಬಂತು ನೋಡು.

ನೀನು ಹೋಗುವಾಗ ಸರಿಮಾಡಿಸು ಅಂದಿದ್ದ ಹಿಂದಿನ ಕಿಟಕಿ ಇನ್ನೂ ಪಟಪಟ ಬಡಿದುಕೊಳ್ಳುತ್ತಲೇ ಇದೆ. ಬಡಗಿ ಮೊನ್ನೆ ಬಂದಿದ್ದ, ನಾನೇ ವಾಪಸ್ ಕಳಿಸಿದೆ. ಸದ್ಯಕ್ಕೆ ಈ ಮನೆಯಲ್ಲಿ ಯಾರೂ ಮೊಳೆ ಹೊಡೆಯುವುದು ಬೇಡ. ಯಾಕೆ ಅಂತ ಕೇಳಬೇಡ. ದಾರ ಸುತ್ತಿ ಕಟ್ಟಿಟ್ಟಿದ್ದೇನೆ, ಸಾಕು.

ಈಗ ಸುದ್ದಿಗೆ ಬರುತ್ತೇನೆ. ಆಹೋಕ್, ನಾವು ರಂಪಣಿ ಬಲೆ ಎಳೆದೆವು ಕಣೋ! ಹೌದು, ನಮ್ಮೂರಲ್ಲೇ, ಕಡಲು ಕಾಯುವ ಮಾಝು ತಾಯಿಯ ಗುಡಿಯ ಮುಂದಿನ ಮರಳಿನಲ್ಲೇ! ನೀನು ಶಾಲೆಗೆ ಹೋಗುತ್ತಿದ್ದಾಗ ಕೊನೆಯ ಸಲ ಎಳೆದದ್ದು. ಆಮೇಲೆ ಮೋಟಾರು ದೋಣಿಗಳು ಬಂದವು, ನಿನ್ನಂಥ ಗಂಡಸರೆಲ್ಲ ದೂರದ ಸಮುದ್ರಕ್ಕೆ ಹೊರಟುಹೋದಿರಿ, ಬಲೆ ಗುಡಿಯ ಹಿಂದಿನ ಕೋಣೆ ಸೇರಿತು. ಹೋದ ಭಾನುವಾರ ಅದು ಮತ್ತೆ ನೀರು ಕಂಡಿತು. ಹಗ್ಗ ಎಳೆದು ಸುಲಿದ ಅಂಗೈಯಲ್ಲೇ ಪೆನ್ನು ಹಿಡಿದು ಬರೆಯುತ್ತಿದ್ದೇನೆ.

ಇದೆಲ್ಲ ಶುರುವಾದದ್ದು ಸಿಮೆಂಟ್ ಕಲ್ಲುಗಳಿಂದ. ಹೋದ ವರ್ಷದ ಚಂಡಮಾರುತ ನಮ್ಮ ಮರಳನ್ನು ಎಷ್ಟು ತಿಂದುಹಾಕಿತು ಅಂತ ನೀನೇ ನೋಡಿದ್ದೀಯ. ಅಲೆ ತಡೆಯುವುದಕ್ಕೆ ನದಿಯ ಬಾಯಿಯಿಂದ ಗುಡಿಯವರೆಗೂ ಆ ನಾಲ್ಕು ಕಾಲಿನ ದೊಡ್ಡ ಕಲ್ಲುಗಳನ್ನು ಸುರಿಯುತ್ತಾರಂತೆ ಅಂತ ಸುದ್ದಿ ಬಂತು. ನಮ್ಮ ಊರ ಮುಖ್ಯಸ್ಥ ತ್ಸುವಾ, ಅವನ ಧ್ವನಿವರ್ಧಕ ನಿನಗೆ ಗೊತ್ತೇ ಇದೆಯಲ್ಲ, ಬೆಳಗಾಗುವ ಮೊದಲೇ ಅದರೊಳಗೆ ಚೆನ್ನಾಗಿ ಕೆಮ್ಮಿ, ಎಲ್ಲರೂ ಗುಡಿಯ ಅಂಗಳಕ್ಕೆ ಬನ್ನಿ ಅಂತ ಕೂಗಿದ. ಸೇರಿದೆವು, ಜಗಳವಾಡಿದೆವು. ಮರಳು ಹೋದರೆ ಮೀನು ಒಣಗಿಸುವುದೆಲ್ಲಿ, ದೋಣಿ ಎಳೆದು ನಿಲ್ಲಿಸುವುದೆಲ್ಲಿ, ಮಾಝು ತಾಯಿ ಬಾಗಿಲು ತೆರೆದರೆ ಕಲ್ಲಿನ ಮುಖ ನೋಡಬೇಕಾ ಅಂತ ನಾನು ಗಂಟಲು ಹರಿದುಕೊಂಡೆ. ಅದಕ್ಕೆ ನಮ್ಮ ಕ್ವೀ, ಅದೇ ಮುಂದಿನ ಸಾಲಿನ ಮನೆಯವಳು, ಎದ್ದು ನಿಂತು, "ನಿಂಗೇನೇ, ನಿನ್ನ ಮನೆ ಮೇಲಿದೆ! ಸಮುದ್ರ ನನ್ನ ಅಡುಗೆಮನೆಗೆ ಬಂದು ಅನ್ನದ ಪಾತ್ರೆ ತೊಳ್ಕೊಟ್ಟು ಹೋಯ್ತು, ಗೊತ್ತಾ?" ಅಂದಳು. ಅವಳು ಹೇಳುವುದೂ ನಿಜವೇ. ನಿಜವಾದದ್ದಕ್ಕೇ ಇನ್ನಷ್ಟು ಸಿಟ್ಟು ಬಂದು, ಅವಳ ಜೊತೆ ಮಾತು ಬಿಟ್ಟೆ.

ಆಮೇಲೆ ಕಲ್ಲಿನ ಕೆಲಸದ ಇಂಜಿನಿಯರ್ ಬಂದ. ಸಣ್ಣ ವಯಸ್ಸು, ಮಾತು ಮೃದು, ಬೂಟು ಫಳಫಳ. ನನ್ನ ಕಡೆ ತಿರುಗಿ, "ಅಜ್ಜೀ, ಈ ತೀರ ಯಾರೂ ಬಳಸ್ತಿಲ್ಲ ಅಂತ ನಮಗೆ ಹೇಳಿದಾರೆ. ಬಳಸ್ತೀರಿ ಅನ್ನೋದಾದ್ರೆ ತೋರಿಸಿ, ಭಾನುವಾರ ಬಂದು ಕಣ್ಣಾರೆ ನೋಡ್ತೀನಿ," ಅಂದ. ಅವನು ಹೇಳಿದ್ದರಲ್ಲಿ ನ್ಯಾಯವಿತ್ತು. ಆದರೆ ಅಜ್ಜಿ ಅಂದನಲ್ಲ! "ಅಜ್ಜಿ ಗಿಜ್ಜಿ ಅನ್ಬೇಡ. ನನಗಿನ್ನೂ ಮೊಮ್ಮಗು ಹುಟ್ಟಿಲ್ಲ," ಅಂತ ಅಲ್ಲೇ ಹೇಳಿದೆ. ಪಾಪ, ಹುಡುಗ ಕೆಂಪಗಾದ.

ರಂಪಣಿ ಎಳೆದು ತೋರಿಸೋಣ ಅಂದವನು ಥಿಯೆನ್‌ಸೂ ತಾತ. ಅವನೇ ಬಲೆಯ ಯಜಮಾನ, ಇವತ್ತಿಗೂ. ಹಲ್ಲೆಲ್ಲ ಹೋಗಿದೆ, ಗಂಟಲು ಮಾತ್ರ ಹಾಗೇ ಇದೆ. ಬಲೆಯನ್ನು ಹೊರಗೆ ತಂದು ಹರವಿದರೆ ಅಯ್ಯೋ, ಇಲಿಗಳು ಅದರಲ್ಲಿ ಸಂಸಾರವನ್ನೇ ಹೂಡಿದ್ದವು. ಹೆಂಗಸರೆಲ್ಲ ಅಂಗಳದಲ್ಲಿ ಕೂತು ಹೊಲಿದೆವು. ಕ್ವೀ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ. ತಾತ ಬೆನ್ನ ಹಿಂದೆ ನಿಂತು, "ಇದೇನು ಬಲೇನಾ, ಸೊಳ್ಳೆಪರದೇನಾ? ಬಿಚ್ಚು, ಮತ್ತೆ ಹಾಕು ಗಂಟು!" ಅಂತ ಬೈಯುತ್ತಿದ್ದ. ಫೊಂಗ್‌ಮೊಯ್ ಎಲ್ಲರಿಗೂ ಚಹಾ ತಂದುಕೊಟ್ಟಳು, ಬಲೆಯ ಹತ್ತಿರ ಮಾತ್ರ ಸುಳಿಯಲಿಲ್ಲ. ಇತ್ತೀಚೆಗೆ ಅವಳಿಗೆ ಮೀನಿನ ವಾಸನೆಯೇ ಆಗುತ್ತಿರಲಿಲ್ಲ. ನಾನು ಮೀನು ಹುರಿಯಲು ಕೂತರೆ ತೋಳಿನಿಂದ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಿದ್ದಳು. ಬೆಸ್ತರ ಮನೆಗೆ ಬಂದು ಇಷ್ಟು ವರ್ಷವಾದ ಮೇಲೆ ಬೆಟ್ಟದ ಸೀಮೆಯ ಮೂಗು ಈಗ ನೆನಪಾಯಿತಾ ಅಂತ ನನಗೆ ಒಳಗೊಳಗೇ ಉರಿಯುತ್ತಿತ್ತು.

ಭಾನುವಾರ ಬೆಳಿಗ್ಗೆ ಏನು ಬಿಸಿಲು ಅಂತೀಯಾ! ಆಮೆ ದ್ವೀಪ ಕೈಗೆಟುಕುವ ಹಾಗೆ ಕಾಣುತ್ತಿತ್ತು. ತೆಪ್ಪ ಬಲೆಯನ್ನು ಅರ್ಧ ಸುತ್ತು ಬಿಟ್ಟುಕೊಂಡು ಬಂತು, ಎರಡು ಹಗ್ಗ ದಡ ಸೇರಿದವು. ಬಡಗಣ ಹಗ್ಗಕ್ಕೆ ಗುಡಿಯವರು, ಶಾಲೆಯ ವಾದ್ಯದ ತಂಡದವರು, ಎಲ್ಲ ಗಟ್ಟಿ ಕುಳಗಳು. ನಮ್ಮ ತೆಂಕಣ ಹಗ್ಗಕ್ಕೆ ಯಾರು? ನಾನು, ನನ್ನ ಮೊಣಕಾಲು, ಸೋಯಾ ಹಾಲು ಮಾರುವವಳು, ಅವಳ ಗಂಡ, ಇನ್ನೊಂದಿಷ್ಟು ಮುದುಕಿಯರು. ಕ್ವೀ ಬರುವುದಿಲ್ಲ ಅಂದುಕೊಂಡಿದ್ದೆ. ಬಂದಳು! ಬಂದು ನನ್ನ ಮುಂದೆಯೇ ಹಗ್ಗ ಹಿಡಿದು, ನನ್ನ ಮುಖ ನೋಡದೆ, "ನಂಗೆ ಕಲ್ಲೂ ಬೇಕು, ಮೀನೂ ಬೇಕು," ಅಂದಳು. ರಸ್ತೆಯಲ್ಲಿ ಬಸ್ಸು ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ ನೋಡಿದ, ಆಮೇಲೆ ಕೆಳಗಿಳಿದ, ಅವನ ಹಿಂದೆ ಬಸ್ಸಿನವರೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಓಡಿಬಂದರು. ಒಬ್ಬ ಹೆಂಗಸಿನ ಕಂಕುಳಲ್ಲಿ ಬಾತುಕೋಳಿ ಬೇರೆ!

ಆದರೂ ಸಾಲಲಿಲ್ಲ ಕಣೋ. ಬಂದವರಲ್ಲಿ ಹೆಚ್ಚಿನವರು ಹತ್ತಿರವಿದ್ದ ಬಡಗಣ ಹಗ್ಗಕ್ಕೇ ಹೋಗಿ ಸೇರಿಕೊಂಡರು. ಅವರು ಎಳೆದ ಹಾಗೆಲ್ಲ ಬಲೆ ಅವರ ಕಡೆಗೇ ವಾಲಿತು. ಒಂದು ಕಡೆ ಹಿಂದೆ ಬಿದ್ದರೆ ಬಲೆಯ ಬಾಯಿ ತಿರುಚಿಕೊಂಡು ಮೀನೆಲ್ಲ ಜಾರಿಹೋಗುತ್ತದೆ, ನಿನಗೆ ನಾನು ಹೇಳಬೇಕಾ? ಇಂಜಿನಿಯರ್ ಎದುರಿಗೆ ಖಾಲಿ ಬಲೆ ಬಂದರೆ ನಮ್ಮ ಕಥೆ ಅಲ್ಲಿಗೆ ಮುಗಿದ ಹಾಗೆ. "ತೆಂಕಣ, ಸತ್ರೇನ್ರೋ ನೀವು? ಎಳೀರಿ!" ಅಂತ ತಾತ ಬಾವುಟ ಬೀಸಿ ಕಿರುಚುತ್ತಿದ್ದ. ನಾನು ತಿರುಗಿ ನೋಡಿದರೆ ನಿನ್ನ ಹೆಂಡತಿ ಹಳೇ ದೋಣಿಯ ಮರೆಯಲ್ಲಿ ಮೂಗು ಮುಚ್ಚಿಕೊಂಡು ನಿಂತಿದ್ದಾಳೆ! ನನ್ನ ಪಿತ್ತ ನೆತ್ತಿಗೇರಿತು. "ಏ ಬೆಟ್ಟದೋಳೇ! ಹಗ್ಗ ಏನ್ ಕಚ್ಚುತ್ತಾ? ಬಂದು ಹಿಡಿ!" ಅಂತ ಊರೆಲ್ಲ ಕೇಳುವ ಹಾಗೆ ಕೂಗಿದೆ. ಬಂದಳು. ನನ್ನ ಹಿಂದೆ ನಿಂತು ಬಿಸಿ ಬಾಣಲೆ ಹಿಡಿಯುವವಳ ಹಾಗೆ ಎರಡು ಬೆರಳಲ್ಲಿ ಹಗ್ಗ ಹಿಡಿದಳು. ಇದನ್ನು ಬರೆಯುವುದು ಕಂಡು ಈಗ ಕಡಲೆಕಾಯಿ ಬಿಟ್ಟು ನಗುತ್ತಿದ್ದಾಳೆ. ನಗಲಿ.

ನಮ್ಮನ್ನು ಉಳಿಸಿದ್ದು ಆ ಇಂಜಿನಿಯರೇ ಅನ್ನಬೇಕು. ಕ್ಯಾಮೆರಾ ಹಿಡಿದು ನಿಂತಿದ್ದವನಿಗೆ ತಾತ, "ಏ ಸಾಹೇಬಾ, ಫೋಟೋ ಆಮೇಲೆ! ಕೈ ಹಾಕು ಮೊದ್ಲು!" ಅಂತ ಗದರಿದ. ಅವನು ಒಂದು ಕ್ಷಣ ಆ ಕಡೆ ಈ ಕಡೆ ನೋಡಿದ, ಬೂಟು ಕಳಚಿಟ್ಟ, ಪ್ಯಾಂಟು ಮಡಚಿಕೊಂಡು ನಮ್ಮ ಹಗ್ಗದ ತುದಿಗೆ ಬಂದು ನಿಂತ. ಮೊದಲ ಎಳೆತಕ್ಕೇ ಮರಳಲ್ಲಿ ಕುಕ್ಕರಬಡಿದ. ಎದ್ದು ಮತ್ತೆ ಎಳೆದ. ಅವನು ಬಿದ್ದದ್ದನ್ನು ನೋಡಿ ನಗುತ್ತಾ ಬಸ್ಸಿನವರಲ್ಲಿ ಅರ್ಧ ಜನ ನಮ್ಮ ಕಡೆಗೆ ಓಡಿಬಂದರು. ಹಗ್ಗ ಬಿಗಿಯಿತು. ಬಲೆ ನೆಟ್ಟಗಾಯಿತು. ಬಂತು ಕಣೋ ಆಹೋಕ್, ಬಂತು! ಬಂಗುಡೆ, ಪಟ್ಟಿಮೀನು, ಸಣ್ಣ ಬೆಳ್ಳಿಮೀನು, ಒಂದರ ಮೇಲೊಂದು ಎಗರಾಡುತ್ತಾ, ಬಲೆ ತುಂಬಾ! ನಾನು ಯಾರನ್ನೋ ತಬ್ಬಿಕೊಂಡು ಕುಣಿಯುತ್ತಿದ್ದೆ. ನೋಡಿದರೆ ಕ್ವೀ! ಇನ್ನು ಮಾತು ಬಿಟ್ಟು ಏನು ಪ್ರಯೋಜನ? ಅಲ್ಲಿಂದ ಮಾತಾಡುತ್ತಲೇ ಇದ್ದೇವೆ.

ಪಾಲು ಹಾಕುವಾಗ ಇಂಜಿನಿಯರ್ ಹಿಂದೆ ಸರಿದು, ತಾನು ಸರ್ಕಾರಿ ನೌಕರ, ಊರವರಿಂದ ಏನೂ ತೆಗೆದುಕೊಳ್ಳಬಾರದು ಅಂದ. ತಾತ ಬಿಡುತ್ತಾನಾ? "ಹಗ್ಗ ಮುಟ್ಟಿದೋರಿಗೆಲ್ಲ ಪಾಲು. ದೊಡ್ಡೋರಿಗೂ ಒಂದು, ಬೆನ್ನ ಮೇಲಿರೋ ಕೂಸಿಗೂ ಒಂದು, ದಾರಿಹೋಕನಿಗೂ ಒಂದು, ಬಸುರಿಗೆ ಎರಡು. ನಮ್ಮಪ್ಪನ ಕಾಲದಿಂದ ಹಿಂಗೇ. ಸರ್ಕಾರಿ ನೌಕರಂಗೆ ಇಲ್ಲ ಅಂತ ಅವನು ಹೇಳಿಲ್ವಲ್ಲ!" ಎಲ್ಲರೂ ಬಿದ್ದು ಬಿದ್ದು ನಕ್ಕರು. ಕೊನೆಗೆ ಅವನು ಟೋಪಿ ತೆಗೆದು ಒಡ್ಡಿದ. ಟೋಪಿಯ ತುಂಬ ಮೀನು ಹಿಡಿದುಕೊಂಡೇ ಗುಡಿಯ ಮೆಟ್ಟಿಲ ಮೇಲೆ ನಿಂತು, ನದಿಯ ಬಾಯಿಯ ಹತ್ತಿರ, ಕ್ವೀಯ ಮನೆಯ ಸಾಲಿಗೆ ಕಲ್ಲು ಹಾಕಲೇಬೇಕು, ಗುಡಿಯ ಮುಂದಿನ ಮರಳು ಬಳಕೆಯಲ್ಲಿದೆ ಅಂತ ಬರೆಯುತ್ತೇನೆ, ಮೇಲಿನವರು ಒಪ್ಪಬೇಕು, ನೀವು ಮಾತ್ರ ಎಳೆಯುವುದು ನಿಲ್ಲಿಸಬೇಡಿ ಅಂದ. ನಿಲ್ಲಿಸುತ್ತೇವಾ? ಮಳೆಗಾಲ ಕಳೆದ ಮೇಲೆ ಮತ್ತೆ ಎಳೆಯುತ್ತೇವೆ ಅಂತ ತ್ಸುವಾ ಆಗಲೇ ಕೆಮ್ಮಿ ಕೆಮ್ಮಿ ಸಾರಿಬಿಟ್ಟಿದ್ದಾನೆ.

ನಮ್ಮ ಮನೆಗೂ ಮೀನು ಬಂತು. ತಿಂದೆವು, ಒಣಗಿಸಿದೆವು, ಬೆಟ್ಟದ ಬೀಗರಿಗೂ ಒಂದು ಪೊಟ್ಟಣ ಕಳಿಸಿದೆವು. ನಮ್ಮ ಪಾಲಿನ ಸರದಿಯಲ್ಲಿ ಒಂದು ಸಣ್ಣ ಗಲಾಟೆಯಾಯಿತು. ಅದನ್ನು ಬರೆಯಕೂಡದು ಅಂತ ಇವಳು ಆಣೆ ಹಾಕಿಸಿದ್ದಾಳೆ. ಬರೆಯುವುದಿಲ್ಲ.

ಮಾಝು ತಾಯಿಯ ರಕ್ಷೆಯ ಕೆಂಪು ಚೀಲ ಕೊರಳಿಂದ ತೆಗೆಯಬೇಡ, ಸ್ನಾನ ಮಾಡುವಾಗಲೂ. ನೀನಿರುವ ಸಮುದ್ರವೂ ನಮ್ಮ ಮರಳಿಗೆ ಬಂದು ಬಡಿಯುವ ಸಮುದ್ರವೂ ಆ ತಾಯಿಗೆ ಒಂದೇ ಮನೆಯ ಅಂಗಳ. ಅವಳು ನಿನ್ನನ್ನು ಕಾಯಲಿ. ಹಡಗಿನ ಅಡುಗೆಯವನಿಗೂ ನನ್ನ ಆಶೀರ್ವಾದ ತಿಳಿಸು, ಚೆನ್ನಾಗಿ ಬೇಯಿಸಿ ಹಾಕಲಿ.

ನಿನ್ನ ದಾರಿ ಕಾಯುವ
ಅಮ್ಮ

ತಾ.ಕ.: ನಿನ್ನ ಹೆಂಡತಿ ಓದಿದಳು, ವಿಳಾಸ ಬರೆದಳು, ಅಂಟು ತರಲು ಕ್ವೀಯ ಮನೆಗೆ ಹೋದಳು. ಬರುವಷ್ಟರಲ್ಲಿ ಬರೆಯಬೇಕು. ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ. ಆ ದಿನ ತಾತ ನನ್ನ ಮುಂದೆ ಒಂದು ಪಾಲು ಹಾಕಿದ. ಫೊಂಗ್‌ಮೊಯ್ ಮುಂದೆ ಎರಡು ಹಾಕಿದ. ಮುದುಕನಿಗೆ ಕಣ್ಣು ಮಂಜಾಗಿದೆ ಅಂದುಕೊಂಡೆ. ಇಂಜಿನಿಯರ್ ಎದುರಿಗೆ ನಮ್ಮ ಮನೆಯ ಮಾನ ಹೋಗಬಾರದಲ್ಲ? "ತಾತಾ, ತಪ್ಪಾಯ್ತು! ಇವಳು ಎರಡು ಬೆರಳಲ್ಲಿ ಹಗ್ಗ ಹಿಡಿದೋಳು, ಇವಳಿಗೆ ಒಂದೇ ಜಾಸ್ತಿ! ನಮ್ಮನೆಯೋರು ಬೇರೆಯೋರ ಮೀನು ತಿನ್ನಲ್ಲ!" ಅಂತ ಕೂಗಿ, ಒಂದು ಗುಡ್ಡೆ ಎತ್ತಿ ವಾಪಸ್ ಹಾಕಿದೆ. ಅವನು ಮತ್ತೆ ತಂದು ಹಾಕಿದ. ನಾನು ಮತ್ತೆ ಎತ್ತಿದೆ. ಸುತ್ತ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ, ನನಗೊಬ್ಬಳಿಗೆ ಏನೂ ಗೊತ್ತಾಗುತ್ತಿಲ್ಲ! ಆಗ ತಾತ ಮೆಲ್ಲಗೆ, "ಲೇ ಆಕಿಮ್, ಇದೇ ಮರಳಲ್ಲಿ ನಿಂಗೂ ಎರಡು ಪಾಲು ಹಾಕಿದ್ದೆ. ಆವತ್ತು ಬಾಯಿ ಮುಚ್ಕೊಂಡು ತಗೊಂಡೆ," ಅಂದ. ಆವತ್ತು ನೀನು ನನ್ನ ಹೊಟ್ಟೆಯಲ್ಲಿದ್ದೆ ಕಣೋ. ಎರಡೂ ಕೈಯಲ್ಲಿ ಮೀನು ಹಿಡಿದುಕೊಂಡೇ ಅಳುತ್ತಾ ನಿಂತುಬಿಟ್ಟೆ.

ಹೋದ ವರ್ಷದ ಬಸಿರು ನಿಲ್ಲಲಿಲ್ಲವಲ್ಲ, ಅದಕ್ಕೇ ಮೂರು ತಿಂಗಳು ತುಂಬುವವರೆಗೂ ಬಾಯಿಬಿಡಬಾರದು ಅಂತ ಮುಚ್ಚಿಟ್ಟಿದ್ದಳು. ಅವಳು ಮೂಗು ಮುಚ್ಚಿಕೊಂಡದ್ದು ನೋಡಿಯೇ ತಾತ ಗುರುತು ಹಿಡಿದಿದ್ದನಂತೆ. ನಿನ್ನ ಹಡಗು ಕೇಪ್‌ಟೌನ್ ಬಂದರು ಸೇರಿ ನೀನು ಫೋನು ಮಾಡಿದಾಗ ತಾನೇ ಹೇಳಬೇಕಂತೆ. ಹೇಳಿದಾಗ ಗೊತ್ತೇ ಇಲ್ಲದವನ ಹಾಗೆ ಕುಣಿ, ನನ್ನ ಹೆಸರು ಎತ್ತಬೇಡ. ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಮೂರು ತಿಂಗಳು ದಾಟಿರುತ್ತದೆ, ಹಾಗಾಗಿ ಬರೆದದ್ದಕ್ಕೆ ದೋಷವಿಲ್ಲ. ಬಸುರಿಯಿರುವ ಮನೆಯಲ್ಲಿ ಮೊಳೆ ಹೊಡೆದರೆ ಕೂಸಿಗೆ ಕೇಡು ಅಂತಲೇ ಬಡಗಿಯನ್ನು ವಾಪಸ್ ಕಳಿಸಿದ್ದು. "ನಿನ್ನನ್ನು ಆ ಹಗ್ಗಕ್ಕೆ ಕರೆದೆನಲ್ಲಾ ಮಗಳೇ, ಬರಲ್ಲ ಅನ್ನಬಾರದಿತ್ತಾ?" ಅಂತ ನಾನು ಅವಳ ಕೈ ಹಿಡಿದುಕೊಂಡು ಕೇಳಿದೆ. "ಇದಕ್ಕೂ ಆಡೋಕೆ ಮರಳು ಬೇಕಲ್ವಾ ಅತ್ತೆ, ಅದಕ್ಕೇ ಹಗ್ಗ ಮುಟ್ದೆ," ಅಂದಳು. ಅಗೋ, ಚಪ್ಪಲಿ ಸದ್ದು, ಬಂದಳು. ಆ ಇಂಜಿನಿಯರ್ ಮತ್ತೆ ಬರಲಿ, ನನ್ನನ್ನು ಅಜ್ಜೀ ಅಂತಲೇ ಕರೆಯಲಿ.